ಮಣ್ಣಿನ ಮಾತು: ಗುಂಡಿಗೆ ಇಳಿಯುವವರ ಪ್ರಶ್ನೆಗಳು

ಅಮೆರಿಕದ ಕಾಲೇಜುಗಳ ಸಾಯಿಲ್ ಜಡ್ಜಿಂಗ್ ಸ್ಪರ್ಧೆ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದಿರುವ ಪತ್ರಗಳನ್ನು ನೋಡಿ ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೋದ ಸಲ ಓದದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೊಲದಲ್ಲಿ ಸುಮಾರು ಒಂದೂವರೆ ಮೀಟರ್ ಆಳದ ಗುಂಡಿ ತೋಡಿರುತ್ತಾರೆ. ವಿದ್ಯಾರ್ಥಿಗಳು ಅದರೊಳಗೆ ಇಳಿದು ಗೋಡೆಯಲ್ಲಿ ಕಾಣುವ ಪದರಗಳನ್ನು ಗುರುತಿಸಬೇಕು. ಪ್ರತಿ ಪದರದ ಬಣ್ಣ, ಜೇಡಿ ಎಷ್ಟು, ಮರಳು ಎಷ್ಟು, ಹೆಂಟೆ ಹೇಗೆ ಒಡೆಯುತ್ತದೆ ಎಲ್ಲ ಬರೆಯಬೇಕು. ನೀರು ಎಷ್ಟು ಹಿಡಿಯುತ್ತದೆ, ಆ ಜಾಗದಲ್ಲಿ ಮನೆ ಕಟ್ಟಬಹುದಾ, ರಸ್ತೆ ಹಾಕಬಹುದಾ, ಶೌಚದ ನೀರು ಇಂಗಿಸಬಹುದಾ ಅನ್ನುವುದನ್ನೂ ಹೇಳಬೇಕು. ಒಂದು ಗುಂಡಿಗೆ ಸಾಮಾನ್ಯವಾಗಿ ಒಂದು ಗಂಟೆ. ಅದೇ ಗುಂಡಿಯನ್ನು ಅನುಭವಿ ಮಣ್ಣು ವಿಜ್ಞಾನಿಗಳು ಮೊದಲೇ ನೋಡಿ ಉತ್ತರ ಬರೆದಿಟ್ಟಿರುತ್ತಾರೆ. ಅವರ ಉತ್ತರಕ್ಕೆ ಯಾರು ಹತ್ತಿರ ಬಂದರೋ ಅವರಿಗೆ ಜಾಸ್ತಿ ಅಂಕ.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಪರಿಸರ ವಿಜ್ಞಾನದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಈಗ ಕಾಲೇಜಿನ ಮಣ್ಣಿನ ತಂಡ ಸೇರಿದ್ದಾಳಂತೆ. ಶನಿವಾರ ಭಾನುವಾರ ಬಂತೆಂದರೆ ವ್ಯಾನಿನಲ್ಲಿ ಎಲ್ಲೋ ಹೊಲಕ್ಕೆ ಹೋಗಿ ಗುಂಡಿಯಲ್ಲಿ ನಿಂತಿರುತ್ತಾಳೆ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಉಗುರಿನ ತುಂಬಾ ಮಣ್ಣು. ನಮ್ಮ ಮಾವನವರು ಜೀವನಪೂರ್ತಿ ಹೊಲ ಮಾಡಿದವರು. ಮೊಮ್ಮಕ್ಕಳಾದರೂ ಆ ಕಷ್ಟದಿಂದ ದೂರ ಇರಲಿ ಎಂದು ಸಾಲ ಮಾಡಿ ಓದಿಸುತ್ತಿದ್ದೇವೆ. ಇದರಿಂದ ಓದಿಗೆ ತೊಂದರೆ ಆಗುವುದಿಲ್ಲವಾ? ಇದಕ್ಕೆ ಮುಂದೆ ಬೆಲೆ ಇದೆಯಾ?
— ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಕಳಿಸಿದವರಿಗೆ ಮಗಳ ಒಂದೊಂದು ಭಾನುವಾರದ ಲೆಕ್ಕವೂ ಮನಸ್ಸಿನಲ್ಲಿ ಓಡುತ್ತಿರುತ್ತದೆ. ಆದರೆ ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಮಗಳ ಪಕ್ಷ.

ಮೊದಲಿಗೆ, ಇದು ಸುಮ್ನೆ ಕಾಲ ಕಳೆಯುವ ಕ್ಲಬ್ ಅಲ್ಲ. ಅಮೆರಿಕದಲ್ಲಿ ಇದರ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆ 1961ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ನಡೆಯಿತು. ಈಗ ಸಾಮಾನ್ಯವಾಗಿ ವರ್ಷದ ಕೊನೆಯ ಭಾಗದಲ್ಲಿ, ಚಳಿ ಶುರುವಾಗುವ ಹೊತ್ತಿಗೆ, ವಲಯ ಮಟ್ಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಚೆನ್ನಾಗಿ ಮಾಡಿದ ತಂಡಗಳು ಮುಂದಿನ ವಸಂತದಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುತ್ತವೆ. 2014ರಲ್ಲಿ ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ವಿಶ್ವ ಮಣ್ಣು ವಿಜ್ಞಾನ ಸಮ್ಮೇಳನ ಸೇರಿದಾಗ ಅಂತರರಾಷ್ಟ್ರೀಯ ಸ್ಪರ್ಧೆಯನ್ನೂ ಇಟ್ಟಿದ್ದರು. ಪ್ರತಿ ಸಲ ಆತಿಥ್ಯ ವಹಿಸುವ ಊರು ಬದಲಾಗುತ್ತದೆ, ಅದರ ಜೊತೆ ಮಣ್ಣೂ ಬದಲಾಗುತ್ತದೆ. ಅದಕ್ಕೇ ತಂಡಗಳು ಕೆಲವು ದಿನ ಮೊದಲೇ ಹೋಗಿ ಅಭ್ಯಾಸದ ಗುಂಡಿಗಳನ್ನು ನೋಡಿಕೊಳ್ಳುತ್ತವೆ. ಆ ದಿನಗಳಲ್ಲಿ ಕ್ಲಾಸ್ ತಪ್ಪುವುದು ನಿಜ. ಹಾಗಾಗಿ ಹೋಗುವ ಮೊದಲೇ ಉಳಿದ ಪ್ರೊಫೆಸರ್‌ಗಳಿಗೆ ಹೇಳಿ, ಅಸೈನ್‌ಮೆಂಟ್‌ಗಳನ್ನು ಮುಂಚೆಯೇ ಮುಗಿಸಿಕೊಳ್ಳುತ್ತಿದ್ದಾಳಾ ಎಂದು ಮಾತ್ರ ಕೇಳಿ.

ಇನ್ನು ಬೆಲೆಯ ಮಾತು. ಅಲ್ಲಿ ಮಣ್ಣು ಸಮೀಕ್ಷೆ ಮಾಡುವ ಸರ್ಕಾರಿ ವಿಜ್ಞಾನಿಗಳಲ್ಲಿ ಎಷ್ಟೋ ಜನ ಇದೇ ಸ್ಪರ್ಧೆಗಳಲ್ಲಿ ಪಳಗಿದವರು. ಗುಂಡಿಯ ಪಕ್ಕ ನಿಂತು ಉತ್ತರ ನಿರ್ಧರಿಸುವ ತೀರ್ಪುಗಾರರೂ ಹೆಚ್ಚಾಗಿ ಅವರೇ. ಆ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ಬೇಕು. ಸ್ಟೂಡೆಂಟ್ ವೀಸಾದಲ್ಲಿ ಇದ್ದಾಳೆ ಅಂದರೆ ಅದನ್ನೇ ನಂಬಿಕೊಂಡು ಕೂರುವುದು ಬೇಡ. ಆದರೆ ಪರಿಸರ ಸಲಹೆ ಕೊಡುವ ಕಂಪನಿಗಳಿವೆ, ಜೌಗು ಭೂಮಿ ಗುರುತಿಸುವ ಕೆಲಸ ಇದೆ, ಎಂಎಸ್ ಮತ್ತು ಪಿಎಚ್‌ಡಿ ಸೀಟುಗಳಿವೆ. ಅಲ್ಲೆಲ್ಲ ಮಣ್ಣನ್ನು ಕೈಯಲ್ಲಿ ಹಿಡಿದು ಓದಬಲ್ಲ ಹುಡುಗಿ ಅಂದರೆ ತೂಕ ಇದೆ. ಸ್ಪರ್ಧೆಗೆ ಡಿಗ್ರಿ ಓದುವವರಿಗೆ ಮಾತ್ರ ಅವಕಾಶ, ಮುಂದೆ ಬೇಕೆಂದರೂ ಸಿಗುವುದಿಲ್ಲ.

ನಿಮ್ಮ ಮಾವನವರ ವಿಷಯ ಬರೆದಿದ್ದೀರಿ. ಅವರಿಗೆ ಗೊತ್ತಿದ್ದ ಎಷ್ಟೋ ಸಂಗತಿ ಈಗ ಆ ಹುಡುಗಿಗೆ ಇನ್ನೊಂದು ದಾರಿಯಿಂದ ಗೊತ್ತಾಗುತ್ತಿದೆ. ಮುಂದಿನ ಕಾಲ್‌ನಲ್ಲಿ ಉಗುರಿನ ಮಾತು ಬಿಟ್ಟು, ಇವತ್ತು ಯಾವ ಮಣ್ಣು ನೋಡಿದೆ ಎಂದು ಕೇಳಿ ನೋಡಿ, ಅರ್ಧ ಗಂಟೆ ಹೇಳುತ್ತಾಳೆ.

ಪ್ರಶ್ನೆ: ನಾನು ಹಾಸನದವನು, ಈಗ ಅಯೋವಾದಲ್ಲಿ ಓದುತ್ತಿದ್ದೇನೆ, ನಮ್ಮ ಕಾಲೇಜಿನ ತಂಡದಲ್ಲಿದ್ದೇನೆ. ಬಣ್ಣ, ಇಳಿಜಾರು, ಪದರ ಎಲ್ಲ ಬರುತ್ತದೆ. ಜೇಡಿಯ ಶೇಕಡಾವಾರು ಹೇಳುವುದರಲ್ಲಿ ಮಾತ್ರ ಸೋಲುತ್ತೇನೆ. ಕೋಚ್ 31 ಅಂದರೆ ನಾನು 25 ಬರೆದಿರುತ್ತೇನೆ. ವಲಯ ಸ್ಪರ್ಧೆ ಹತ್ತಿರ ಬಂದಿದೆ. ಏನು ಮಾಡಲಿ?
— ವಿದ್ಯಾರ್ಥಿ, ಏಮ್ಸ್

ಉತ್ತರ: ನೀವು ಯಾವಾಗಲೂ ಕಡಿಮೆಯೇ ಬರೆಯುತ್ತೀರಿ ಅಂದರೆ ಅದು ಒಳ್ಳೆಯ ಸುದ್ದಿ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವವರನ್ನು ತಿದ್ದುವುದು ಕಷ್ಟ. ಒಂದೇ ಕಡೆಗೆ ವಾಲುವವರು ಬೇಗ ಸರಿಹೋಗುತ್ತಾರೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಅಂದಾಜು, ಸರಿಯಾದ ಸಂಖ್ಯೆ, ವ್ಯತ್ಯಾಸ, ಆಮೇಲೆ ಅದು ಯಾವ ಪದರ ಅನ್ನುವುದನ್ನು ಬರೆಯುತ್ತಾ ಹೋಗಿ. ಈ ಕೊನೆಯದ್ದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಅದೇ ಮುಖ್ಯ. ನೀವಿರುವ ಕಡೆ ಮೇಲ್ಪದರ ಕಪ್ಪಗೆ, ಸಾವಯವ ಅಂಶ ತುಂಬಿಕೊಂಡಿರುತ್ತದೆ. ಸಾವಯವ ಅಂಶ ಜಾಸ್ತಿ ಇದ್ದಾಗ ಜೇಡಿಯ ಅಂಟು ಬೆರಳಿಗೆ ಪೂರ್ತಿ ಗೊತ್ತಾಗುವುದಿಲ್ಲ, ನುಣುಪಾಗಿ ರೇವೆಯ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ, ಅಂದರೆ ಸಿಲ್ಟ್) ಹಾಗೆ ಅನ್ನಿಸುತ್ತದೆ, ಬೆರಳ ನಡುವೆ ಎಳೆದ ಮಣ್ಣಿನ ಪಟ್ಟಿ ಬೇಗ ಮುರಿಯುತ್ತದೆ. ನಿಮ್ಮ ತಪ್ಪು ಬರೀ ಮೇಲ್ಪದರದಲ್ಲೇ ಆಗುತ್ತಿದ್ದರೆ ಕಾರಣ ಇದೇ. ಕೆಳಗಿನ ಪದರಗಳಲ್ಲೂ ಆಗುತ್ತಿದ್ದರೆ ನೀರು ಜಾಸ್ತಿ ಹಾಕುತ್ತಿದ್ದೀರಿ, ಅಥವಾ ಸಾಕಷ್ಟು ನಾದುತ್ತಿಲ್ಲ.

ನಾದುವುದನ್ನು ರೊಟ್ಟಿ ಹಿಟ್ಟಿನ ಹಾಗೆ ಮಾಡಿ. ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಗಂಟು ಒಂದೂ ಉಳಿಯದ ತನಕ, ಕೈಗೆ ಮೆತ್ತದೆ ಉಂಡೆ ಕಟ್ಟುವ ಹದ ಬರುವ ತನಕ. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿ ಎಳೆಯಿರಿ. 2.5 ಸೆಂಟಿಮೀಟರ್ ಒಳಗೇ ಮುರಿದರೆ ಗೋಡಿನ (ಲೋಮ್) ಗುಂಪು, 2.5ರಿಂದ 5ರ ನಡುವೆ ಮುರಿದರೆ ಜೇಡಿಗೋಡು (ಕ್ಲೇ ಲೋಮ್), 5 ದಾಟಿದರೆ ಜೇಡಿ, ಈ ಅಳತೆ ನಿಮಗೆ ಗೊತ್ತೇ ಇರುತ್ತದೆ. ಕೊನೆಗೆ ಒಂದು ಚಿಟಿಕೆಯನ್ನು ಅಂಗೈಯಲ್ಲಿ ನೀರು ಜಾಸ್ತಿ ಹಾಕಿ ತಿಕ್ಕಿ, ಮರಳು ಚುರಚುರ ಅನ್ನುತ್ತದಾ ಇಲ್ಲಾ ನುಣುಪಾ ಎಂದು ನೋಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಒಂದು ಸಂಖ್ಯೆ ತಪ್ಪಿದರೆ ಅದೊಂದೇ ಅಂಕ ಹೋಗುವುದಿಲ್ಲ. 27 ಶೇಕಡಾ ಜೇಡಿ ದಾಟಿದರೆ ಸಿಲ್ಟ್ ಲೋಮ್ ಹೋಗಿ ಸಿಲ್ಟಿ ಕ್ಲೇ ಲೋಮ್ ಆಗುತ್ತದೆ. 25 ಬರೆದವರಿಗೂ 31 ಬರೆದವರಿಗೂ ಹೆಸರೇ ಬೇರೆ. ಅದಕ್ಕಿಂತ ದೊಡ್ಡ ಹೊಡೆತ ವರ್ಗೀಕರಣದಲ್ಲಿ ಬೀಳುತ್ತದೆ. ಮೇಲಿನ ಜೇಡಿ ಕೆಳಗಿಳಿದು ಶೇಖರವಾದ ಪದರ, ಅದೇ ಆರ್ಜಿಲಿಕ್, ಇದೆ ಎಂದು ಹೇಳಬೇಕಾದರೆ ಮೇಲಿನ ಪದರಕ್ಕಿಂತ ಕೆಳಗೆ ಜೇಡಿ ಇಷ್ಟು ಹೆಚ್ಚಿರಬೇಕು ಎಂಬ ನಿಯಮ ಇದೆಯಲ್ಲ. ಮೇಲೆ 15ರಿಂದ 40 ಶೇಕಡಾ ಇದ್ದರೆ ಕೆಳಗೆ ಅದರ 1.2 ಪಟ್ಟು ಇರಬೇಕು. ಮೇಲೆ 20 ಇದ್ದರೆ ಕೆಳಗೆ 24 ಬೇಕು. ನೀವು 23 ಬರೆದಿರೋ, ಆರ್ಜಿಲಿಕ್ ಹೋಯಿತು, ಅದರ ಹಿಂದೆ ವರ್ಗೀಕರಣದ ಗಣವೂ (ಆರ್ಡರ್) ಹೋಯಿತು, ಉಪಗಣವೂ (ಸಬಾರ್ಡರ್) ಹೋಯಿತು. ಅದಕ್ಕೇ ಲೆಕ್ಕ ಗಡಿಯಲ್ಲಿ ನಿಂತಾಗ ಬೆರಳನ್ನು ಮಾತ್ರ ನಂಬಬೇಡಿ. ಹೆಂಟೆಯ ಮೈಮೇಲೆ ಜೇಡಿಯ ಮೆರುಗಿನ ಪೊರೆ ಇದೆಯಾ ಎಂದು ಲೆನ್ಸ್ ಹಿಡಿದು ನೋಡಿ. ಪೊರೆ ಸ್ಪಷ್ಟವಾಗಿ ಕಂಡರೆ ನಿಮ್ಮ 23 ತಪ್ಪಿರುವ ಸಾಧ್ಯತೆ ಜಾಸ್ತಿ. ಇನ್ನೊಮ್ಮೆ ನಾದಿ.

ಸ್ಪರ್ಧೆಯ ಬೆಳಿಗ್ಗೆ, ಗುಂಡಿಗೆ ಹೋಗುವ ಮೊದಲು, ಉತ್ತರ ಗೊತ್ತಿರುವ ಎರಡು ಮೂರು ಮಣ್ಣನ್ನು ಕೈಯಲ್ಲಿ ಆಡಿಸಿ. ರಾತ್ರಿ ಕಳೆದರೆ ಬೆರಳು ಮರೆಯುತ್ತದೆ.

ಪ್ರಶ್ನೆ: ಗ್ಲೌಸ್ ಹಾಕಿಕೊಂಡು ಟೆಕ್ಸ್ಚರ್ (ಮರಳು, ರೇವೆ, ಜೇಡಿ ಎಷ್ಟೆಷ್ಟು ಅನ್ನುವುದು) ನೋಡಬಹುದಾ?
— ಓದುಗರು, ಮೈಸೂರು

ಉತ್ತರ: ಆಗುವುದಿಲ್ಲ. ಚರ್ಮಕ್ಕೆ ತಗುಲಿದರೆ ಮಾತ್ರ ರೇವೆ ಯಾವುದು, ಜೇಡಿ ಯಾವುದು ಗೊತ್ತಾಗುವುದು. ಕೈಯಲ್ಲಿ ಗಾಯ ಇದ್ದರೆ ಪಟ್ಟಿ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ನೋಡಿ. ಸುಣ್ಣ ಪರೀಕ್ಷಿಸಲು ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಳಸುತ್ತಾರಲ್ಲ, ಅದನ್ನು ಹಾಕುವಾಗ ಮಾತ್ರ ಕಣ್ಣು ಕೈ ಜೋಪಾನ.

ಪ್ರಶ್ನೆ: ನಾವು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದುತ್ತಿರುವ ಆರು ಜನ ಗೆಳೆಯರು. ನಿಮ್ಮ ಅಂಕಣ ಓದಿ ನಾವೂ ಒಂದು ತಂಡ ಕಟ್ಟಿ ಅಭ್ಯಾಸ ಮಾಡಬೇಕು ಅನ್ನಿಸಿದೆ. ಸ್ಪರ್ಧೆ ಇರಲಿ ಬಿಡಲಿ, ಮಣ್ಣು ಓದುವುದನ್ನು ಕಲಿಯಬೇಕು. ಎಲ್ಲಿಂದ ಶುರು ಮಾಡುವುದು? ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕ ನಮ್ಮ ಕೈಗೆ ಎಟಕುವ ಬೆಲೆಯದಲ್ಲ.
— ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಪತ್ರಗಳಲ್ಲೆಲ್ಲ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದು. ನೀವು ಇರುವ ಊರು ಎಂಥದ್ದು ಗೊತ್ತಾ? ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತಿದೆ. ದಕ್ಷಿಣಕ್ಕೆ ಕಲಘಟಗಿ ದಾರಿ ಹಿಡಿದರೆ ಕೆಂಪು ಮಣ್ಣು, ಭತ್ತದ ಗದ್ದೆ. ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಕಣ್ಣು ಹರಿಯುವಷ್ಟು ದೂರ ಎರೆ ಭೂಮಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಬಸ್ಸಿನಲ್ಲೇ ಹೋಗಿ ನೋಡಿ ಬರಬಹುದು. ಎಲ್ಲ ಕಾಲೇಜಿನವರಿಗೂ ಈ ಅನುಕೂಲ ಇರುವುದಿಲ್ಲ.

ಶುರು ಮಾಡಬೇಕಾದದ್ದು ಗುಂಡಿಯಿಂದಲ್ಲ, ನಿಮ್ಮ ಡಿಪಾರ್ಟ್‌ಮೆಂಟಿನ ಕಪಾಟಿನಿಂದ. ಸೀನಿಯರ್‌ಗಳು ಎಂಎಸ್ಸಿ ಪ್ರಾಜೆಕ್ಟಿಗೆ ತಂದ ಮಣ್ಣಿನ ಸ್ಯಾಂಪಲ್‌ಗಳು ಡಬ್ಬಿಗಳಲ್ಲಿ ಉಳಿದಿರುತ್ತವೆ. ಅವುಗಳಲ್ಲಿ ಎಷ್ಟೋ ಸ್ಯಾಂಪಲ್‌ಗಳಿಗೆ ಪಿಪೆಟ್ ಅಥವಾ ಹೈಡ್ರೋಮೀಟರ್ ವಿಧಾನದಲ್ಲಿ ಮರಳು, ರೇವೆ, ಜೇಡಿ ಎಷ್ಟೆಷ್ಟು ಎಂದು ಆಗಲೇ ಅಳೆದಿರುತ್ತಾರೆ. ನಿಮ್ಮ ಪ್ರೊಫೆಸರ್ ಹತ್ತಿರ ಹೋಗಿ, ಅಳತೆ ಆಗಿರುವ ಹತ್ತು ಹನ್ನೆರಡು ಬಗೆಯ ಮಣ್ಣು ಒಂದೊಂದು ಮುಷ್ಟಿ ಕೊಡಿ ಎಂದು ಕೇಳಿ. ಕೇಳಿದರೆ ಇಲ್ಲ ಅನ್ನುವ ಮೇಷ್ಟ್ರನ್ನು ನಾನು ನೋಡಿಲ್ಲ. ಡಬ್ಬಿಯ ಮೇಲೆ ನಂಬರ್ ಮಾತ್ರ ಬರೆಯಿರಿ, ಉತ್ತರ ತಂಡದ ಹೊರಗಿನ ಒಬ್ಬರ ಹತ್ತಿರ ಇರಲಿ. ಸಂಜೆ ಕಾರಿಡಾರಿನಲ್ಲಿ ಕೂತು ಒಬ್ಬೊಬ್ಬರೂ ನಾದಿ ಚೀಟಿಯಲ್ಲಿ ಬರೆಯಿರಿ. ಆರು ಚೀಟಿ ಬಿದ್ದ ಮೇಲೆ ಮಾತ್ರ ಉತ್ತರ ತೆಗೆಯಿರಿ. ಇದರಲ್ಲಿ ಒಂದು ಶಿಸ್ತು ಬೇಕೇ ಬೇಕು: ಬರೆಯುವ ಮೊದಲು ಯಾರೂ ಮಾತಾಡಬಾರದು. ತಂಡದಲ್ಲಿ ಜೋರು ದನಿಯವನು ಒಬ್ಬ ಇರುತ್ತಾನೆ, ಅವನು "ಇದು ಜೇಡಿ ಕಣೋ" ಎಂದ ಕೂಡಲೇ ಉಳಿದ ಐವರ ಬೆರಳಿಗೂ ಜೇಡಿಯೇ ಅನ್ನಿಸಿಬಿಡುತ್ತದೆ. ಒಂಟಿಯಾಗಿ ನಿರ್ಧಾರ ಮಾಡಿ, ಆಮೇಲೆ ಒಟ್ಟಾಗಿ ಜಗಳ ಮಾಡಿ. ಕಲಿಕೆ ಆಗುವುದು ಆ ಜಗಳದಲ್ಲಿ.

ನಮ್ಮ ಕೆಂಪು ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ, ಇದು ಅಮೆರಿಕದ ಕೈಪಿಡಿ ಓದಿಕೊಂಡು ಬರುವವರಿಗೆ ಬೇಗ ಹೊಳೆಯುವುದಿಲ್ಲ. ಕಬ್ಬಿಣದ ಅಂಶ ಜೇಡಿಯನ್ನು ಸಣ್ಣ ಸಣ್ಣ ಕಾಳಾಗಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಮೊದಲ ನಿಮಿಷ ಮರಳಿನ ಹಾಗೆ ಚುರಚುರ ಅನ್ನುತ್ತದೆ. ನಾದುತ್ತಾ ನಾದುತ್ತಾ ಆ ಕಾಳು ಒಡೆದು ಜೇಡಿ ಹೊರಗೆ ಬರುತ್ತದೆ. ಹಾಗಾಗಿ ಕಲಘಟಗಿ ಕಡೆಯ ಮಣ್ಣಿಗೆ ನವಲಗುಂದದ ಮಣ್ಣಿಗಿಂತ ಜಾಸ್ತಿ ಹೊತ್ತು ನಾದಿ, ಬದಲಾಗುವುದು ನಿಂತ ಮೇಲೆ ಉತ್ತರ ಬರೆಯಿರಿ.

ಎರೆ ಮಣ್ಣಿನಲ್ಲಿ ಬೇರೆ ಪಾಠ. ಅದಕ್ಕೆ ವರ್ಟಿಸಾಲ್ (ಉಬ್ಬಿ ಕುಗ್ಗಿ ಬಿರುಕು ಬಿಡುವ ಜೇಡಿ ಮಣ್ಣಿನ ಗಣ) ಎಂದು ಬರೆದರೆ ಸಾಕು ಅನ್ನಿಸುತ್ತದೆ, ಎಲ್ಲರೂ ಅಷ್ಟಕ್ಕೇ ನಿಲ್ಲುತ್ತಾರೆ. ಅದಕ್ಕೆ ಪುರಾವೆ ಹುಡುಕಿ. ಬೇಸಿಗೆಯಲ್ಲಿ ಬಿರುಕು ಎಷ್ಟು ಆಳ ಹೋಗಿದೆ, ಅಳತೆ ಟೇಪ್ ಇಳಿಬಿಟ್ಟು ನೋಡಿ. ಗುಂಡಿಯ ಗೋಡೆಯಲ್ಲಿ ಒಂದು ಮೀಟರ್ ಒಳಗೆ ಓರೆಯಾಗಿ, ಒರೆಸಿ ಹೊಳಪು ಕೊಟ್ಟ ಹಾಗೆ ಜಾರಿದ ಮೈಗಳು ಕಾಣುತ್ತವೆ, ಅವೇ ಸ್ಲಿಕನ್‌ಸೈಡ್. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಮಣ್ಣು ತನ್ನ ಮೇಲೆ ತಾನೇ ಜಾರಿದ ಗುರುತು ಅದು. ಜೇಡಿ 30 ಶೇಕಡಾ ಅಥವಾ ಹೆಚ್ಚು, ಬಿರುಕು, ಈ ಜಾರು ಮೈ ಅಥವಾ ಬೆಣೆಯಾಕಾರದ ಹೆಂಟೆ, ಇಷ್ಟನ್ನೂ ಕಣ್ಣಾರೆ ಕಂಡ ಮೇಲೆ ವರ್ಟಿಸಾಲ್ ಎಂದು ಬರೆಯಿರಿ. ಸುಣ್ಣದ ಹರಳು ಯಾವ ಆಳದಿಂದ ಶುರುವಾಗುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ.

ಗುಂಡಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಜೆಸಿಬಿಗೆ ದುಡ್ಡು ಕೊಡುವುದು ಬೇಡ. ರೈತರು ಕೃಷಿ ಹೊಂಡ ತೋಡಿಸುತ್ತಲೇ ಇರುತ್ತಾರೆ. ಹೊಸ ಹೊಂಡ, ಇನ್ನೂ ನೀರು ತುಂಬದ್ದು, ಪ್ಲಾಸ್ಟಿಕ್ ಹಾಸದ್ದು, ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಾ? ರಸ್ತೆ ಅಗಲ ಮಾಡಿದ ಕಡೆ ಕಡಿದ ದಿಬ್ಬ ಸಿಗುತ್ತದೆ. ಹೊಲದವರ ಅಪ್ಪಣೆ ಕೇಳಿ, ನೋಡಿದ್ದನ್ನು ಅವರಿಗೂ ಹೇಳಿ. ಒಂದು ಮಾತು, ಬಿಸಿಲಿಗೆ ಒಣಗಿದ ಗೋಡೆ ಸುಳ್ಳು ಹೇಳುತ್ತದೆ. ಬಣ್ಣ ಮಾಸಿರುತ್ತದೆ, ಮಳೆನೀರು ಮೇಲಿನ ಮಣ್ಣನ್ನು ಕೆಳಗೆ ಬಳಿದಿರುತ್ತದೆ. ಸಲಿಕೆಯಲ್ಲಿ ಒಳಗೆ ಕೆತ್ತಿ ಹೊಸ ಮೈ ಬಿಡಿಸಿ, ಆಮೇಲೆ ಚಾಕುವಿನ ತುದಿಯಿಂದ ಮೇಲಿನಿಂದ ಕೆಳಗೆ ಕುಕ್ಕುತ್ತಾ ಬನ್ನಿ. ಎಲ್ಲಿ ಕೈಗೆ ಬಿಗಿ ಬದಲಾಯಿತೋ ಅಲ್ಲಿ ಪದರ ಬದಲಾಗಿರಬಹುದು, ಅಲ್ಲೊಂದು ಮೊಳೆ ಚುಚ್ಚಿ. ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಸಲ ಚಾಕುವಿಗೆ ಮೊದಲು ಗೊತ್ತಾಗುತ್ತದೆ.

ಮನ್ಸೆಲ್ ಪುಸ್ತಕ ನಿಜಕ್ಕೂ ದುಬಾರಿ. ಬಾಸ್ಟನ್ನಿನ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ ಬಣ್ಣವನ್ನು ಮೂರು ಅಳತೆಯಲ್ಲಿ ಹಿಡಿದಿಟ್ಟ: ಯಾವ ಬಣ್ಣ, ಎಷ್ಟು ತಿಳಿ ಅಥವಾ ಕಪ್ಪು, ಬಣ್ಣ ಎಷ್ಟು ದಟ್ಟ. ಮಣ್ಣಿನವರು ಅದನ್ನೇ ಎತ್ತಿಕೊಂಡರು. ಡಿಪಾರ್ಟ್‌ಮೆಂಟಿನಲ್ಲಿ ಒಂದು ಪುಸ್ತಕ ಇರುತ್ತದೆ, ಅದನ್ನೇ ಲೈಬ್ರರಿ ಪುಸ್ತಕದ ಹಾಗೆ ಸಹಿ ಹಾಕಿ ಒಂದು ಮಧ್ಯಾಹ್ನಕ್ಕೆ ಪಡೆಯಿರಿ. ಫೋಟೋ ತೆಗೆದೋ ಜೆರಾಕ್ಸ್ ಮಾಡಿಯೋ ಬಳಸುವ ಯೋಚನೆ ಬೇಡ, ಪ್ರಿಂಟರಿನ ಬಣ್ಣಕ್ಕೂ ಪುಸ್ತಕದಲ್ಲಿ ಅಂಟಿಸಿದ ಬಣ್ಣದ ಚೀಟಿಗೂ ಸಂಬಂಧವೇ ಇರುವುದಿಲ್ಲ. ಮಣ್ಣನ್ನು ಒದ್ದೆ ಮಾಡಿ, ಕೂಲಿಂಗ್ ಗ್ಲಾಸ್ ತೆಗೆದು, ಬಿಸಿಲು ಬೆನ್ನ ಹಿಂದೆ ಇರುವ ಹಾಗೆ ನಿಂತು ನೋಡಿ. ಸಂಜೆ ಬೆಳಕಿನಲ್ಲಿ ಎಲ್ಲ ಮಣ್ಣೂ ಕೆಂಪಾಗಿಯೇ ಕಾಣುತ್ತದೆ, ಆ ಹೊತ್ತಿನಲ್ಲಿ ಬಣ್ಣ ಬರೆಯಬೇಡಿ. ಉಳಿದ ಸಾಮಾನು ನೂರಿನ್ನೂರು ರೂಪಾಯಿಯೊಳಗೆ ಆಗುತ್ತದೆ: ಹಳೆ ಚಾಕು, ಸ್ಪ್ರೇ ಬಾಟಲಿ, ದರ್ಜಿ ಟೇಪ್, ಸ್ಯಾಂಪಲ್ ಬೇರೆ ಬೇರೆ ಇಡಲು ಮೊಟ್ಟೆ ಟ್ರೇ ಅಥವಾ ಇಡ್ಲಿ ತಟ್ಟೆ. 2 ಮಿಲಿಮೀಟರ್ ಜರಡಿಯನ್ನು ಲ್ಯಾಬಿನಲ್ಲೇ ಕೇಳಿ.

ಎರೆ, ಕೆಂಪು ಎರಡೂ ಕೈಗೆ ಬಂದ ಮೇಲೆ ಸಮಯ ಕಟ್ಟಿ ಅಭ್ಯಾಸ ಮಾಡಿ. ಒಂದು ಗಂಟೆ, ಅದರಲ್ಲಿ ಅರ್ಧ ತಂಡ ಒಳಗೆ, ಅರ್ಧ ತಂಡ ಹೊರಗೆ, ಆಗಾಗ ಅದಲುಬದಲು. ಒಳಗಿದ್ದಾಗ ಒಳಗೆ ಮಾತ್ರ ಆಗುವ ಕೆಲಸ ಮಾಡಿ: ಪದರದ ಗಡಿ, ಹೆಂಟೆಯ ಆಕಾರ, ಪ್ರತಿ ಪದರದಿಂದ ಒಂದೊಂದು ಮುಷ್ಟಿ ಮಣ್ಣು. ನಾದುವುದು, ಬಣ್ಣ, ಇಳಿಜಾರು, ಲೆಕ್ಕ ಎಲ್ಲ ಹೊರಗೆ. ಹೊರಗೆ ಬಂದಾಗ ಒಮ್ಮೆ ತಲೆ ಎತ್ತಿ ಸುತ್ತ ನೋಡಿ. ದಿಬ್ಬದ ನೆತ್ತಿಯಲ್ಲಿದ್ದೀರಾ, ಇಳಿಜಾರಿನ ಮಧ್ಯದಲ್ಲಾ, ಬುಡದಲ್ಲಾ? ನಮ್ಮ ಕಡೆ ಎತ್ತರದಲ್ಲಿ ಕೆಂಪು, ತಗ್ಗಿನಲ್ಲಿ ಕಪ್ಪು ಒಂದೇ ಹೊಲದಲ್ಲಿ ಸಿಗುವುದು ಈ ಕಾರಣಕ್ಕೇ. ಗುಂಡಿಯಲ್ಲಿ ತಲೆ ಬಗ್ಗಿಸಿ ನಿಂತವರು ಇದನ್ನು ಮರೆತು ಸುಲಭದ ಅಂಕ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನನಗೆ ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಮಣ್ಣು ವಿಜ್ಞಾನ ನನಗೆ ತುಂಬಾ ಇಷ್ಟ. ಇಂಥ ತಂಡಕ್ಕೆ ಸೇರುವುದು ಬೇಡವಾ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಸೇರಿ, ಖಂಡಿತ ಸೇರಿ. ಅಂಕಪಟ್ಟಿಯಲ್ಲಿ ಬಣ್ಣ ಒಂದು ಭಾಗ ಮಾತ್ರ. ಆ ಬಣ್ಣದಲ್ಲೂ ಮೂರು ಅಳತೆ ಇದೆ ಎಂದೆನಲ್ಲ, ಅದರಲ್ಲಿ ತಿಳಿ ಕಪ್ಪು ಅನ್ನುವ ಅಳತೆ ನಿಮ್ಮಂಥವರಿಗೂ ಚೆನ್ನಾಗಿ ಸಿಗುತ್ತದೆ. ಹುಲ್ಲುಗಾವಲಿನ ಕಪ್ಪು ಮೇಲ್ಪದರವನ್ನು ಮಾಲಿಕ್ ಎಂದು ಕರೆಯಬೇಕಾದರೆ ಒದ್ದೆ ಮಣ್ಣಿನಲ್ಲಿ ತಿಳಿತನ 3 ಅಥವಾ ಕಡಿಮೆ ಇರಬೇಕು, ಅಲ್ಲಿ ನಿಮಗೇನೂ ಅಡ್ಡಿಯಿಲ್ಲ. ಕಷ್ಟ ಬರುವುದು ಬೂದು ಮಣ್ಣಿನ ನಡುವೆ ತುಕ್ಕಿನ ಚುಕ್ಕೆ ಹುಡುಕುವಾಗ. ನೀರು ನಿಲ್ಲುತ್ತದೆಯಾ ಅನ್ನುವುದು ಆ ಚುಕ್ಕೆಯಿಂದಲೇ ತಿಳಿಯುವುದು, ಹಾಗಾಗಿ ಅದನ್ನು ಸುಮ್ಮನೆ ಬಿಡುವ ಹಾಗಿಲ್ಲ. ತಂಡವಾಗಿ ನೋಡುವ ಗುಂಡಿಯಲ್ಲಿ ಬಣ್ಣ ಇನ್ನೊಬ್ಬರಿಗೆ ಬಿಡಿ, ನೀವು ಟೆಕ್ಸ್ಚರ್ ಹಿಡಿದುಕೊಳ್ಳಿ. ಒಬ್ಬರೇ ನೋಡುವ ಗುಂಡಿಗೆ, ಆ ಊರಿನ ಅಭ್ಯಾಸದ ಗುಂಡಿಗಳಲ್ಲಿ ಮನ್ಸೆಲ್ ಪುಸ್ತಕದ ಯಾವ ಪುಟ ಹೆಚ್ಚಾಗಿ ಬರುತ್ತದೆ ಎಂದು ಗುರುತು ಮಾಡಿಕೊಂಡು ಹೋಗಿ. ಒಂದೇ ಪ್ರದೇಶದಲ್ಲಿ ಹೆಚ್ಚಿನ ಪದರಗಳು ಒಂದೆರಡು ಪುಟದೊಳಗೇ ಸುತ್ತುತ್ತವೆ. ನಿಮ್ಮ ತೊಂದರೆಯನ್ನು ಕೋಚ್‌ಗೆ ಮೊದಲ ದಿನವೇ ಹೇಳಿ.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ. ಮಕ್ಕಳನ್ನು ಗುಂಡಿಗೆ ಇಳಿಸಲು ಭಯ. ಏನೇನು ನೋಡಿಕೊಳ್ಳಬೇಕು?
— ರಾಯಚೂರು

ಉತ್ತರ: ಭಯ ಇರಲಿ ಮೇಡಂ, ಒಳ್ಳೆಯದು. ಮಣ್ಣು ಕುಸಿದರೆ ಎದೆಯ ಮಟ್ಟದ ಗುಂಡಿಯೂ ಜೀವ ತೆಗೆಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ 5 ಅಡಿ ಅಥವಾ ಹೆಚ್ಚು ಆಳಕ್ಕೆ ಹೋದರೆ, ಗಟ್ಟಿ ಬಂಡೆಯಲ್ಲದ ಕಡೆ, ಗೋಡೆಗೆ ಆಸರೆ ಅಥವಾ ಇಳಿಜಾರು ಕೊಡಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ 2 ಅಡಿ ದೂರ ಇರಬೇಕು. ಇದನ್ನೇ ನೀವೂ ಪಾಲಿಸಿ, ಇನ್ನೂ ಕಡಿಮೆ ಆಳದಲ್ಲಿ ಕಲಿಸಿದರೆ ಇನ್ನೂ ಒಳ್ಳೆಯದು. ಒಂದು ಕಡೆಯ ಗೋಡೆ ಮಾತ್ರ ನೆಟ್ಟಗೆ ಇರಲಿ, ಎದುರು ಕಡೆ ಮೆಟ್ಟಿಲು ಮಾಡಿಸಿ. ನಿಮ್ಮ ಕಡೆ ಎರೆ ಮಣ್ಣು ಜಾಸ್ತಿ, ಮಳೆ ಬಂದ ಮರುದಿನ ಯಾರನ್ನೂ ಇಳಿಸಬೇಡಿ. ಬೇಸಿಗೆಯ ಎರೆಯೂ ಬಿರುಕಿನಲ್ಲಿ ಹೋಳಾಗಿ ಬೀಳುತ್ತದೆ. ಅಂಚಿನ ಮೇಲೆ ಜನ ನಿಲ್ಲಬಾರದು, ಒಬ್ಬರೇ ಇಳಿಯಬಾರದು. ಇಳಿಯುವ ಮೊದಲು ಹಾವು ಚೇಳು ಇದೆಯಾ ನೋಡಿ. ಸಂಜೆ ಮನೆಗೆ ಹೋಗುವ ಮುಂಚೆ ಗುಂಡಿ ಮುಚ್ಚಿಸಿ, ಇಲ್ಲದಿದ್ದರೆ ಬೇಲಿ ಕಟ್ಟಿಸಿ, ದನ ಕರು ಬೀಳುತ್ತವೆ.

ಪ್ರಶ್ನೆ: ನಾನು ಗದಗ ಹತ್ತಿರದ ರೈತ. ಕಡಲೆ, ಮೆಣಸಿನಕಾಯಿ ಹಾಕುತ್ತೇನೆ. ಮಣ್ಣು ಆರೋಗ್ಯ ಕಾರ್ಡ್ ಇದೆ, ಅದರಲ್ಲಿ ಎಲ್ಲ ಸರಿ ಇದೆ ಅಂತಲೇ ಬಂದಿದೆ. ಆದರೂ ಹೊಲದ ಒಂದು ಮೂಲೆಯಲ್ಲಿ ಪ್ರತಿ ವರ್ಷ ಬೆಳೆ ಸೊರಗುತ್ತದೆ. ಈ ಹುಡುಗರು ಮಾಡುವ ಪರೀಕ್ಷೆಯಿಂದ ನಮಗೇನಾದರೂ ಉಪಯೋಗ ಇದೆಯಾ?
— ರೈತ, ಗದಗ ಜಿಲ್ಲೆ

ಉತ್ತರ: ಇದೆ, ಮತ್ತು ನಿಮ್ಮ ತೊಂದರೆಗೆ ಮೊದಲು ಮಾಡಬೇಕಾದದ್ದು ಇದೇ. ಕಾರ್ಡಿನಲ್ಲಿ 12 ಅಂಶ ಇರುತ್ತವೆ: ರಸಸಾರ (ಪಿಎಚ್), ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಗೊಬ್ಬರ ಎಷ್ಟು ಹಾಕಬೇಕು ಅನ್ನುವುದಕ್ಕೆ ಅದು ಬೇಕು. ಆದರೆ ಆ ಸ್ಯಾಂಪಲ್ ಮೇಲಿನ ಒಂದು ಗೇಣಿನದ್ದು, ಅದೂ ನಿಮ್ಮ ಆ ಮೂಲೆಯದ್ದೇ ಆಗಿರಬೇಕೆಂದಿಲ್ಲ. ಕಡಲೆ ಹಿಂಗಾರಿನಲ್ಲಿ ಕೆಳಗಿನ ತೇವ ನಂಬಿ ಬೆಳೆಯುವ ಬೆಳೆ. ಕೆಳಗೆ ಏನಿದೆ ಎಂದು ಕಾರ್ಡ್ ಹೇಳುವುದಿಲ್ಲ.

ಬೆಳೆ ಚೆನ್ನಾಗಿರುವ ಕಡೆ ಒಂದು, ಸೊರಗುವ ಕಡೆ ಒಂದು, ಎರಡು ಗುಂಡಿ ತೋಡಿ. ಸೊಂಟದ ಆಳ ಸಾಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಮುಖ್ಯ, ಒಂದೇ ತೋಡಿದರೆ ಏನೂ ಗೊತ್ತಾಗುವುದಿಲ್ಲ. ಗರಸು (ಕಲ್ಲು ಬೆರೆತ ಗಟ್ಟಿ ಪದರ) ಎಷ್ಟು ಆಳಕ್ಕೆ ಬಂತು? ಬೇರು ನೇರ ಇಳಿದಿದೆಯಾ, ಎಲ್ಲಾದರೂ ಅಡ್ಡ ತಿರುಗಿದೆಯಾ? ಅಡ್ಡ ತಿರುಗಿದ ಕಡೆ ಚಾಕು ಚುಚ್ಚಿ, ಬಿಗಿಯಾಗಿದ್ದರೆ ಟ್ರ್ಯಾಕ್ಟರ್ ತುಳಿದು ಗಟ್ಟಿಯಾದ ಪದರ ಇರಬಹುದು. ಬೂದು ಬಣ್ಣ, ತುಕ್ಕಿನ ಚುಕ್ಕೆ ಕಂಡರೆ ಅಲ್ಲಿ ನೀರು ನಿಲ್ಲುತ್ತದೆ. ಮೇಲೆ ಬಿಳಿ ಪುಡಿ ಕಟ್ಟುತ್ತಿದ್ದರೆ ಸವಳಿನ ಲಕ್ಷಣ.

ಆಳ ಯಾಕೆ ಅಷ್ಟು ಮುಖ್ಯ ಎಂದು ಒಂದು ಲೆಕ್ಕ ಹೇಳುತ್ತೇನೆ, ಇದು ಆ ಸ್ಪರ್ಧೆಯ ಹುಡುಗರು ಮಾಡುವ ಲೆಕ್ಕವೇ. ರೇವೆ ಹೆಚ್ಚಿರುವ ಗೋಡು ಮಣ್ಣು ಒಂದು ಸೆಂಟಿಮೀಟರ್ ದಪ್ಪಕ್ಕೆ 0.20 ಸೆಂಟಿಮೀಟರ್ ನೀರು ಬೆಳೆಗೆ ಕೊಡುತ್ತದೆ ಎಂದು ಹಿಡಿಯುತ್ತಾರೆ. 100 ಸೆಂಟಿಮೀಟರ್ ಆಳ ಇದ್ದರೆ 20 ಸೆಂಟಿಮೀಟರ್ ನೀರು. ಅದರಲ್ಲಿ 30 ಶೇಕಡಾ ಕಲ್ಲು ಇದ್ದರೆ 14ಕ್ಕೆ ಇಳಿಯುತ್ತದೆ. 50 ಸೆಂಟಿಮೀಟರಿಗೇ ಗರಸು ಸಿಕ್ಕಿತೆಂದರೆ ಕಲ್ಲಿಲ್ಲದಿದ್ದರೂ 10. ಎರೆ ಮಣ್ಣಿಗೆ ಸಂಖ್ಯೆ ಬೇರೆ, ಲೆಕ್ಕ ಮಾಡುವ ದಾರಿ ಅದೇ. ಎರಡು ಗುಂಡಿಯಲ್ಲೂ ಮೇಲಿನ ಗೊಬ್ಬರದ ಅಂಶ ಒಂದೇ ಇದ್ದು, ಒಂದರಲ್ಲಿ ನೀರಿನ ದಾಸ್ತಾನು ಅರ್ಧ ಮಾತ್ರ ಇದ್ದರೆ, ಆ ಮೂಲೆಗೆ ಎಷ್ಟು ಗೊಬ್ಬರ ಸುರಿದರೂ ಉಪಯೋಗ ಕಡಿಮೆ.

ಸೊರಗುವ ಗುಂಡಿಯಿಂದ ಮೇಲಿನ ಮಣ್ಣು, ಮೊಣಕಾಲು ಆಳದ ಮಣ್ಣು, ಸೊಂಟದ ಆಳದ ಮಣ್ಣು ಬೇರೆ ಬೇರೆ ಚೀಲದಲ್ಲಿ ತೆಗೆದುಕೊಂಡು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ರಸಸಾರ ಮತ್ತು ಲವಣ ಆಳಕ್ಕೆ ಹೋದ ಹಾಗೆ ಏರುತ್ತದೆಯಾ ನೋಡಿಕೊಡಿ ಎಂದು ಕೇಳಿ. ರಸಸಾರ 8.5 ದಾಟಿದ್ದರೆ ಜಿಪ್ಸಂ ಬೇಕಾ ಎಂದು ಅವರೇ ಹೇಳುತ್ತಾರೆ, ನೀವೇ ತಂದು ಸುರಿಯಬೇಡಿ. ಇನ್ನೊಂದು, ರಾಜ್ಯ ಸರ್ಕಾರದ ಸುಜಲಾ ಜಲಾನಯನ ಯೋಜನೆಯಲ್ಲಿ ಕೆಲವು ಜಲಾನಯನಗಳ ಹೊಲ ಹೊಲದ ಮಣ್ಣಿನ ನಕ್ಷೆ ಮಾಡಿದ್ದಾರೆ, ಆಳ, ಇಳಿಜಾರು, ಕಲ್ಲು ಎಲ್ಲ ಅದರಲ್ಲಿದೆ. ನಿಮ್ಮ ಹಳ್ಳಿ ಅದರೊಳಗೆ ಬಂದಿದೆಯಾ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಸರ್ವೆ ನಂಬರ್ ಹೇಳಿ ವಿಚಾರಿಸಿ. ಬಂದಿದ್ದರೆ ಆ ನಕ್ಷೆ ಹಿಡಿದುಕೊಂಡೇ ಗುಂಡಿ ತೋಡುವ ಜಾಗ ಆರಿಸಿ. ಎರಡು ಗುಂಡಿಯ ಗೋಡೆಗೂ ಟೇಪ್ ಇಟ್ಟು, ಬಿಸಿಲಿನಲ್ಲಿ ಫೋಟೋ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ನೋಡೋಣ.